ಬೂದಿಯಲ್ಲಿ ಅಕ್ಷರ ಕಲಿತ ಬಡಗಿ: ಚಿತ್ರಕಾರ ಚಿ ಬೈಶಿ

ಚೀನಾ ದೇಶದ ಕುಂಚಕಲೆಯ ಮಾತು ಬಂದಾಗ ಆ ನಾಡಿನ ಜನ ಮೊದಲು ನೆನೆಯುವ ಕೆಲವರಲ್ಲಿ ಚಿ ಬೈಶಿ ಒಬ್ಬರು. ಅವರು ಬರೆದ ಸಿಗಡಿ, ಏಡಿ, ಕಪ್ಪೆ, ಕೋಳಿಮರಿಗಳ ಚಿತ್ರಗಳನ್ನು ಅಲ್ಲಿ ಗುರುತಿಸದವರು ಕಡಿಮೆ. 93 ವರ್ಷ ಬಾಳಿದ ಈ ಹಿರಿಯರು ಶಾಲೆಯಲ್ಲಿ ಕುಳಿತು ಕಲಿತದ್ದು ಒಂದು ವರ್ಷಕ್ಕೂ ಕಡಿಮೆ. ಹೊಟ್ಟೆಪಾಡಿಗೆ ಅವರು ಮೊದಲು ಹಿಡಿದದ್ದು ಕುಂಚವನ್ನಲ್ಲ, ಉಳಿಯನ್ನು. ಹಳ್ಳಿಯ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇಂಥವರ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ಚಿ ಬೈಶಿ ಹುಟ್ಟಿದ್ದು 1864ರ ಜನವರಿ 1ರಂದು, ಚೀನಾದ ಹುನಾನ್ ಪ್ರಾಂತದ ಶಿಯಾಂಗ್‌ತಾನ್ ಸೀಮೆಯ ಒಂದು ಹಳ್ಳಿಯಲ್ಲಿ. ತುಂಡು ಜಮೀನನ್ನು ನಂಬಿದ್ದ ಬಡ ರೈತ ಕುಟುಂಬ. ಚಿಕ್ಕಂದಿನಲ್ಲಿ ಅವರನ್ನು ಕರೆಯುತ್ತಿದ್ದದ್ದು ಆ ಜಿ ಎಂದು. ಅಜ್ಜನಿಗೆ ಬರುತ್ತಿದ್ದದ್ದು ಸುಮಾರು ಮುನ್ನೂರು ಅಕ್ಷರಗಳು ಮಾತ್ರ. ಚಳಿಗಾಲದಲ್ಲಿ ಒಲೆಯ ಮುಂದೆ ಮೊಮ್ಮಗನನ್ನು ಕೂರಿಸಿಕೊಂಡು, ಬೂದಿಯನ್ನು ಹರಡಿ, ಬೆಂಕಿಯ ಇಕ್ಕಳದ ತುದಿಯಿಂದ ಆ ಬೂದಿಯ ಮೇಲೆ ಒಂದೊಂದೇ ಅಕ್ಷರ ಗೀಚಿ ತೋರಿಸುತ್ತಿದ್ದರು. ನಮ್ಮಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಹಾಗೆಯೇ. ಮೊಮ್ಮಗ ಮೊದಲು ಕಲಿತದ್ದು ತನ್ನ ಹೆಸರಿನ ಅಕ್ಷರವನ್ನು. ಅಜ್ಜನಿಗೆ ಬರುತ್ತಿದ್ದ ಅಕ್ಷರಗಳೆಲ್ಲ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು.

ತಾಯಿಯ ತಂದೆ ಒಂದು ಸಣ್ಣ ಪಾಠಶಾಲೆ ನಡೆಸುತ್ತಿದ್ದರು. ಅವರು ಶುಲ್ಕ ಕೇಳುವವರಲ್ಲ. ಆದರೆ ಕುಂಚ, ಮಸಿ, ಕಾಗದ, ಪುಸ್ತಕಗಳಿಗೆ ದುಡ್ಡು ಬೇಕಲ್ಲ? ತಾಯಿ ಒಲೆಗೆಂದು ತಂದ ಭತ್ತದ ಹುಲ್ಲನ್ನು ಮತ್ತೊಮ್ಮೆ ಬಡಿದು, ಅದರಲ್ಲಿ ಉಳಿದ ಕಾಳುಗಳನ್ನು ಆರಿಸಿ ಕೂಡಿಡುತ್ತಿದ್ದರು. ಹಾಗೆ ಕೂಡಿದ ಕಾಳಿಗೆ ಬದಲಾಗಿ ಒಂದು ಬೆಳ್ಳಿಯ ಆಭರಣ ಮಾಡಿಸಿಕೊಳ್ಳಬೇಕೆಂದು ಅವರ ಆಸೆ ಇತ್ತು. ಅದನ್ನು ಬಿಟ್ಟು ಆ ಕಾಳಿನಿಂದಲೇ ಮಗನಿಗೆ ಕುಂಚ, ಕಾಗದ ಕೊಡಿಸಿದರು.

ಹುಡುಗ ಆ ಕಾಗದದಲ್ಲಿ ಅಕ್ಷರಗಳಿಗಿಂತ ಹೆಚ್ಚಾಗಿ ಚಿತ್ರ ಬರೆದ. ಊರಿನ ಮೀನುಗಾರ ಮುದುಕ, ಹೂವು, ಹಕ್ಕಿ, ದನಕರು ಎಲ್ಲವೂ ಕಾಗದಕ್ಕೆ ಬಂದವು. ಕಾಗದ ಹಾಳುಮಾಡುತ್ತಾನೆಂದು ತಾಯಿಯ ತಂದೆ ಗದರಿದರು. ಅಷ್ಟರಲ್ಲಿ ಆ ವರ್ಷದ ಬೆಳೆ ಕೈಕೊಟ್ಟಿತು, ಮನೆಯಲ್ಲಿ ಅನ್ನಕ್ಕೇ ತತ್ವಾರವಾಯಿತು, ಶಾಲೆ ನಿಂತುಹೋಯಿತು. ಮುಂದೆ ಹುಡುಗನ ಕೆಲಸ ದನ ಕಾಯುವುದು, ಸೌದೆ ತರುವುದು. ದನದ ಕೊಂಬಿಗೆ ಪುಸ್ತಕ ನೇತುಹಾಕಿಕೊಂಡು ಹೋಗುತ್ತಿದ್ದ. ಓದಿನಲ್ಲಿ ಮೈಮರೆತು ಸೌದೆ ಮರೆತು ಬಂದ ದಿನ, ಅಕ್ಷರವನ್ನು ಮಡಕೆಯಲ್ಲಿ ಬೇಯಿಸಿ ಉಣ್ಣಲಾಗದೆಂದು ಅಜ್ಜಿ ಸಂಕಟಪಟ್ಟರು. ಅದೇ ಅಜ್ಜಿ ಅವನ ಕೊರಳಿಗೆ ಒಂದು ಪುಟ್ಟ ಗಂಟೆ ಕಟ್ಟಿದ್ದರು. ಸಂಜೆ ಗಂಟೆಯ ಸದ್ದು ಕೇಳಿದರೆ ಮೊಮ್ಮಗ ಬಂದನೆಂದು ಒಲೆ ಹೊತ್ತಿಸುತ್ತಿದ್ದರು. ದೊಡ್ಡ ಕಲಾವಿದರಾದ ಮೇಲೆ ಚಿ ಬೈಶಿ, ಗಂಟೆ ಧರಿಸಿದವನು ಎಂಬ ಅರ್ಥದ ಮುದ್ರೆಯೊಂದನ್ನು ಕಲ್ಲಿನಲ್ಲಿ ಕೆತ್ತಿಕೊಂಡರು.

ಮೈಯಲ್ಲಿ ಕಸುವಿರಲಿಲ್ಲವಾದ್ದರಿಂದ ಹೊಲದ ಕೆಲಸ ಅವರಿಂದಾಗಲಿಲ್ಲ. ಹದಿನಾಲ್ಕರ ಆಸುಪಾಸಿನಲ್ಲಿ ಮನೆಯವರು ಬಡಗಿಯ ಬಳಿ ಕೆಲಸಕ್ಕೆ ಬಿಟ್ಟರು. ಒಂದು ದಿನ ಗದ್ದೆಯ ಬದುವಿನ ಮೇಲೆ ಗುರುವಿನ ಜೊತೆ ಹೋಗುವಾಗ ಎದುರಿಗೆ ಬೇರೆ ಕೆಲವು ಬಡಗಿಗಳು ಬಂದರು. ಗುರು ಕೈಕಟ್ಟಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಾರಣ ಕೇಳಿದಾಗ, ಅವರು ಕೆತ್ತನೆಯ ನಯಗೆಲಸದವರು, ನಾವು ತೊಲೆ ಜಂತೆಯ ಒರಟು ಕೆಲಸದವರು, ಅವರಿಗೆ ಸಮನಾಗಿ ನಿಲ್ಲಬಾರದು ಎಂಬ ಅರ್ಥದ ಉತ್ತರ ಸಿಕ್ಕಿತು. ಇಬ್ಬರದೂ ಕೈಗೆಲಸವೇ ಆಗಿರುವಾಗ ಈ ಮೇಲುಕೀಳು ಏಕೆ ಎಂದು ಹುಡುಗನಿಗೆ ನೋವಾಯಿತು. ತಾನೂ ಕೆತ್ತನೆ ಕಲಿಯಬೇಕೆಂಬ ಹಟ ಹುಟ್ಟಿತು. ಜೌ ಜಿಮೇ ಎಂಬ ಒಳ್ಳೆಯ ಕೆತ್ತನೆಗಾರರ ಕೈಕೆಳಗೆ ಸೇರಿ ಆ ಕೆಲಸವನ್ನು ಕರಗತ ಮಾಡಿಕೊಂಡರು. ಜಿ ಬಡಗಿ ಎಂಬ ಹೆಸರು ಸುತ್ತಲಿನ ಹಳ್ಳಿಗಳಲ್ಲಿ ಹರಡಿತು.

ಇಪ್ಪತ್ತರ ಹೊಸ್ತಿಲಲ್ಲಿ ಅವರ ಬದುಕು ತಿರುವು ಪಡೆಯಿತು. ಕೆಲಸಕ್ಕೆ ಹೋದ ಮನೆಯೊಂದರಲ್ಲಿ ಸಾಸಿವೆ ಕಾಳಿನ ತೋಟ ಎಂಬ ಅರ್ಥದ ಹೆಸರುಳ್ಳ ಚಿತ್ರಕಲೆಯ ಕೈಪಿಡಿ ಕಣ್ಣಿಗೆ ಬಿತ್ತು. 1679ರಲ್ಲಿ ಅದರ ಮೊದಲ ಭಾಗ ಅಚ್ಚಾಗಿತ್ತು. ಕಲ್ಲು, ಮರ, ಬಿದಿರು, ಹೂವು, ಹಕ್ಕಿಗಳನ್ನು ಹೇಗೆ ಬರೆಯಬೇಕೆಂದು ಗೆರೆಗೆರೆಯಾಗಿ ಕಲಿಸುವ ಗ್ರಂಥ ಅದು. ಕೊಳ್ಳುವ ಶಕ್ತಿ ಇರಲಿಲ್ಲ. ಎರವಲು ತಂದರು. ಹಗಲೆಲ್ಲ ಮರ ಕೆತ್ತಿ, ರಾತ್ರಿ ಪೈನ್ ಮರದ ಚಕ್ಕೆಯ ಬೆಳಕಿನಲ್ಲಿ, ತೆಳು ಕಾಗದವನ್ನು ಪುಟದ ಮೇಲಿಟ್ಟು ಒಂದೊಂದೇ ಚಿತ್ರವನ್ನು ತಿದ್ದಿದರು. ಆರು ತಿಂಗಳಾಯಿತು. ಪುಸ್ತಕ ಹಿಂದಿರುಗಿಸುವಾಗ ಅವರ ಬಳಿ ತಾವೇ ನಕಲು ಮಾಡಿ ಹೊಲಿದುಕೊಂಡ 16 ಸಂಪುಟಗಳಿದ್ದವು.

ಚೀನೀ ಕುಂಚಕಲೆಯ ಕಲಿಕೆಯಲ್ಲಿ ಇಷ್ಟು ತಿದ್ದುವುದು ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿ ಕುಂಚ, ಮಸಿ, ಕಾಗದ, ಮಸಿ ತೇಯುವ ಕಲ್ಲು ಈ ನಾಲ್ಕನ್ನು ಓದುಗೋಣೆಯ ನಾಲ್ಕು ನಿಧಿಗಳೆಂದು ಕರೆಯುತ್ತಾರೆ. ಮಸಿಯೆಂದರೆ ಹೊಗೆಯ ಕಾಡಿಗೆಗೆ ಪ್ರಾಣಿಗಳ ಅಂಟು ಬೆರೆಸಿ ಒಣಗಿಸಿದ ಕಡ್ಡಿ. ಗಂಧ ತೇಯುವಂತೆ ಅದನ್ನು ನೀರಿನಲ್ಲಿ ಕಲ್ಲಿನ ಮೇಲೆ ತೇಯಬೇಕು. ಕುಂಚ ಆಡು, ಮೊಲ ಮುಂತಾದವುಗಳ ಕೂದಲಿನದು. ಅದನ್ನು ಪೆನ್ನಿನಂತೆ ಓರೆಯಾಗಿ ಹಿಡಿಯದೆ ನೆಟ್ಟಗೆ ನಿಲ್ಲಿಸಿ ಹಿಡಿಯುತ್ತಾರೆ. ತುದಿ ಮಾತ್ರ ತಾಗಿದರೆ ಎಳೆಯಂಥ ಗೆರೆ, ಒತ್ತಿದರೆ ಎಲೆಯಷ್ಟು ಅಗಲ. ಶುವಾನ್ ಎಂಬ ಕಾಗದ ಮಸಿಯನ್ನು ತಕ್ಷಣ ಹೀರಿಕೊಳ್ಳುತ್ತದೆ. ಕೈ ತಡೆದರೆ ಕಲೆ ಹರಡುತ್ತದೆ, ಅಳಿಸಿ ತಿದ್ದುವಂತಿಲ್ಲ. ಆದ್ದರಿಂದ ಕಾಗದಕ್ಕೆ ಕುಂಚ ತಾಗುವ ಮೊದಲೇ ಗೆರೆ ಮನಸ್ಸಿನಲ್ಲೂ ಮಣಿಕಟ್ಟಿನಲ್ಲೂ ಸಿದ್ಧವಾಗಿರಬೇಕು. ಅಕ್ಷರ ಬರೆಯುವ ಗೆರೆಯೇ ಬಿದಿರನ್ನೂ ಬಳ್ಳಿಯನ್ನೂ ಬರೆಯುವ ಗೆರೆ. ಹಾಗಾಗಿಯೇ ಅಲ್ಲಿ ಅಕ್ಷರಕಲೆಯನ್ನೂ ಚಿತ್ರಕಲೆಯನ್ನೂ ಒಂದೇ ಬೇರಿನವೆಂದು ಎಣಿಸುತ್ತಾರೆ. ಚಿತ್ರದ ಪಕ್ಕದಲ್ಲಿ ಚಿತ್ರಕಾರನೇ ಬರೆದ ಕವಿತೆ, ಅದರ ಕೆಳಗೆ ಅವನ ಕೆಂಪು ಮುದ್ರೆ ಇದ್ದರೆ ಆ ಹಾಳೆ ಪೂರ್ಣವಾಯಿತು.

ಬಡಗಿಗೆ ಎಡವಟ್ಟಾದದ್ದು ಇಲ್ಲಿಯೇ. ಚಿತ್ರ ಬರೆಯಲು ಕೈ ಇತ್ತು, ಕವಿತೆ ಬರೆಯಲು ವಿದ್ಯೆ ಇರಲಿಲ್ಲ. ಊರಿನ ಕೆಲವು ಸಿರಿವಂತರು ಅವರಿಂದ ಚಿತ್ರ ಬರೆಸಿಕೊಳ್ಳುತ್ತಿದ್ದರು. ಆದರೆ ಅದರ ಮೇಲೆ ಅವರು ಹೆಸರು ಹಾಕುವುದು ಬೇಡವೆನ್ನುತ್ತಿದ್ದರು, ಬಡಗಿಯ ಬರಹ ತಮ್ಮ ಗೋಡೆಗೆ ಶೋಭೆಯಲ್ಲವೆಂದು.

1889ರಲ್ಲಿ ಹು ಚಿನ್‌ಯುವಾನ್ ಎಂಬ ವಿದ್ವಾಂಸರು ಅವರ ಚಿತ್ರಗಳನ್ನು ನೋಡಿ ಕರೆಸಿಕೊಂಡರು. ಚೀನೀ ಲೆಕ್ಕದಲ್ಲಿ ಆಗ ಚಿ ಅವರಿಗೆ 27. ಹೆಂಡತಿ ಮಕ್ಕಳಿದ್ದ ಸಂಸಾರ. ಈ ವಯಸ್ಸಿನಲ್ಲಿ ಓದು ಸಾಧ್ಯವೇ, ಮನೆ ನಡೆಯುವುದು ಹೇಗೆ ಎಂದು ಹಿಂಜರಿದರು. ಹಿಂದೆ ಸು ಶುನ್ ಎಂಬ ಪ್ರಸಿದ್ಧ ಲೇಖಕ 27ನೆಯ ವಯಸ್ಸಿನಲ್ಲೇ ಓದಲು ಕುಳಿತದ್ದನ್ನು ಗುರುಗಳು ನೆನಪಿಸಿದರು. ಶುಲ್ಕ ಬೇಡವೆಂದರು, ಚಿತ್ರ ಮಾರಿಯೇ ಸಂಸಾರ ಸಾಕಬಹುದೆಂದು ಧೈರ್ಯ ತುಂಬಿದರು. ಅವರ ಮನೆಯಲ್ಲೇ ಚೆನ್ ಶಾವ್‌ಫಾನ್ ಎಂಬ ಮತ್ತೊಬ್ಬ ಗುರುಗಳು ಕಾವ್ಯಪಾಠ ಹೇಳಿದರು. ಗೊತ್ತಿಲ್ಲದ ಅಕ್ಷರ ಬಂದರೆ ಪಕ್ಕದಲ್ಲಿ ಗೊತ್ತಿರುವ ಅದೇ ಉಚ್ಚಾರದ ಅಕ್ಷರ ಬರೆದುಕೊಂಡು, ಹಳೆಯ ಕವಿತೆಗಳನ್ನು ಬಾಯಿಪಾಠ ಮಾಡಿದರು. ಬೈಶಿ ಎಂಬ ಹೆಸರು ಬಂದದ್ದೂ ಆಗಲೇ. ಅದಕ್ಕೆ ಬಿಳಿಗಲ್ಲು ಎಂದು ಅರ್ಥ. ಅವರ ಮನೆಯ ಹತ್ತಿರದ ಒಂದು ಸ್ಥಳದ ಹೆಸರು ಅದು.

ಮುದ್ರೆ ಕೆತ್ತನೆಯನ್ನೂ ಅದೇ ಹಟದಿಂದ ಕಲಿತರು. ಕಲ್ಲು ಕೆತ್ತಿ, ಉಜ್ಜಿ ಅಳಿಸಿ, ಮತ್ತೆ ಕೆತ್ತಬೇಕು, ಉಜ್ಜಿದ ಕೆಸರು ಡಬ್ಬಿಗಟ್ಟಲೆ ತುಂಬಿದಾಗ ವಿದ್ಯೆ ಬರುತ್ತದೆ ಎಂದು ಗೆಳೆಯರೊಬ್ಬರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಕೋಣೆಯ ನೆಲವೆಲ್ಲ ಕಲ್ಲಿನ ಕೆಸರಾಗಿ, ಕುಳಿತಲ್ಲಿಂದ ಎದ್ದು ಒಣಗಿದ ಜಾಗ ಹುಡುಕಿಕೊಂಡು ಮತ್ತೆ ಕೂರಬೇಕಾಗುತ್ತಿತ್ತು. ಉಳಿ ಹಿಡಿದ ಕೈ ಇಲ್ಲಿ ನೆರವಿಗೆ ಬಂತು. ಒಂದೇ ಏಟಿಗೆ ಗೆರೆ ತೆಗೆಯುವ ಅವರ ಮುದ್ರೆಗಳಲ್ಲಿ ಬಡಗಿಯ ಬಲ ಕಾಣುತ್ತದೆ ಎನ್ನುತ್ತಾರೆ.

ನಲವತ್ತರ ವಯಸ್ಸಿನಲ್ಲಿ ದೇಶ ಸುತ್ತಿದರು. 1902ರಿಂದ 1909ರ ನಡುವೆ ಐದು ಸಲ ಹೊರಟು ಐದು ಸಲ ಊರಿಗೆ ಮರಳಿದರು. ಕೊನೆಗೆ ಹುಟ್ಟೂರಿನಲ್ಲಿ ಯುದ್ಧ, ದರೋಡೆಗಳ ಹಾವಳಿ ಹೆಚ್ಚಾಗಿ 1919ರಲ್ಲಿ ಬೀಜಿಂಗಿನಲ್ಲಿ ನೆಲೆಸಬೇಕಾಯಿತು. ಆಗ ವಯಸ್ಸು 55. ಆ ನಗರದಲ್ಲಿ ಅವರನ್ನು ಕೇಳುವವರಿರಲಿಲ್ಲ. ಒಂದು ಬೀಸಣಿಗೆಯ ಮೇಲಿನ ಚಿತ್ರಕ್ಕೆ ಎರಡು ಬೆಳ್ಳಿ ನಾಣ್ಯ, ಅಂದರೆ ಇತರರ ಅರ್ಧ ಬೆಲೆ ಇಟ್ಟರೂ ಕೊಳ್ಳುವವರು ವಿರಳ.

ಅಲ್ಲಿ ಅವರ ಬೆನ್ನಿಗೆ ನಿಂತವರು ಚೆನ್ ಶಿಜೆಂಗ್ ಎಂಬ ಕಲಾವಿದರು. ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವರು. ಹಳಬರ ಜಾಡು ಬಿಟ್ಟು ತಮ್ಮದೇ ದಾರಿ ಹಿಡಿಯಬೇಕೆಂದು ಅವರು ಒತ್ತಾಯಿಸಿದರು. ಕಲಿತ ಶೈಲಿಯನ್ನು ಆ ವಯಸ್ಸಿನಲ್ಲಿ ಬಿಡುವುದೆಂದರೆ ಇದ್ದ ಅಲ್ಪ ಗಿರಾಕಿಗಳನ್ನೂ ಕಳೆದುಕೊಳ್ಳುವ ಅಪಾಯ. ಆದರೂ ಚಿ ಬೈಶಿ ಕಿರಿಯರ ಮಾತು ಕೇಳಿದರು. ಬಾಗಿಲು ಹಾಕಿಕೊಂಡು ಹತ್ತಿರ ಹತ್ತಿರ ಹತ್ತು ವರ್ಷ ತಮ್ಮ ಕೈಯನ್ನು ಹೊಸದಾಗಿ ಪಳಗಿಸಿದರು. ಎಲೆಗೆ ಕಪ್ಪು ಮಸಿ, ಹೂವಿಗೆ ಕಡುಗೆಂಪು. ದಪ್ಪ ಕುಂಚದ ಎಲೆಯ ಮೇಲೆ ರೆಕ್ಕೆಯ ನರವೂ ಕಾಣುವಂಥ ಸೂಕ್ಷ್ಮ ಕೀಟ. 1922ರಲ್ಲಿ ಚೆನ್ ಆ ಚಿತ್ರಗಳನ್ನು ಟೋಕಿಯೋದ ಪ್ರದರ್ಶನಕ್ಕೆ ಒಯ್ದರು. ಎಲ್ಲವೂ ಬೀಜಿಂಗಿನ ಬೆಲೆಯ ಎಷ್ಟೋ ಪಟ್ಟಿಗೆ ಮಾರಾಟವಾದವು. ಆ ಮೇಲೆ ಬೀಜಿಂಗೂ ಅವರ ಬಾಗಿಲಿಗೆ ಬಂತು. ದಾರಿ ತೋರಿದ ಚೆನ್ ಮಾತ್ರ ಮರುವರ್ಷವೇ ತೀರಿಕೊಂಡರು.

ಅವರ ಸಿಗಡಿಗಳ ಕಥೆಯೂ ಇಂಥದೇ. ಬಾಲ್ಯದಲ್ಲಿ ಮನೆಯ ಪಕ್ಕದ ಕೆರೆಯಲ್ಲಿ ಹತ್ತಿಯ ಉಂಡೆ ಇಳಿಬಿಟ್ಟು ಸಿಗಡಿ ಹಿಡಿಯುತ್ತಿದ್ದ ಹುಡುಗ, ಮುದುಕನಾದಾಗ ಮೇಜಿನ ಮೇಲೆ ಬಟ್ಟಲಲ್ಲಿ ಸಿಗಡಿ ಸಾಕಿ ದಿನವೂ ನೋಡಿದರು. ಮೊದಮೊದಲು ಎಲ್ಲ ಕಾಲುಗಳನ್ನೂ ಬರೆಯುತ್ತಿದ್ದರು. ವರ್ಷಗಳು ಕಳೆದಂತೆ ಕಾಲುಗಳ ಸಂಖ್ಯೆ ಇಳಿಸಿದರು, ಜೀವಂತಿಕೆ ಏರಿತು. ತಿಳಿಮಸಿಯಲ್ಲಿ ಪಾರದರ್ಶಕ ಮೈ, ದಟ್ಟ ಮಸಿಯಲ್ಲಿ ಕಣ್ಣು, ಒಂದೇ ಎಳೆತದ ಮೀಸೆ. ನೀರನ್ನು ಅವರು ಬರೆಯುವುದಿಲ್ಲ, ಆದರೂ ಸಿಗಡಿ ನೀರಿನಲ್ಲೇ ಇದೆ ಎನಿಸುತ್ತದೆ. ಈ ಹಂತ ಮುಟ್ಟುವಾಗ ಅವರಿಗೆ ಎಪ್ಪತ್ತರ ಆಸುಪಾಸು.

1920ರ ದಶಕದ ಕೊನೆಯಲ್ಲಿ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಶು ಬೇಹೊಂಗ್ ಅವರನ್ನು ಅಧ್ಯಾಪಕರಾಗಿ ಬರುವಂತೆ ಕೇಳಿಕೊಂಡರು. ಇವರೇ ಮುಂದೆ ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ಶಾಂತಿನಿಕೇತನಕ್ಕೆ ಬಂದು ಠಾಕೂರರ ಮತ್ತು ಗಾಂಧೀಜಿಯವರ ಚಿತ್ರ ಬರೆದವರು. ಶಾಲೆ ಕಾಣದ ಹಳ್ಳಿಗನಿಗೆ ಪಾಠ ಹೇಳುವ ಅರ್ಹತೆ ಇಲ್ಲವೆಂದು ಚಿ ನಿರಾಕರಿಸಿದರು. ಶು ಬೇಹೊಂಗ್ ಮತ್ತೆ ಮತ್ತೆ ಬಂದು ಒಪ್ಪಿಸಿದರು. ರಿಕ್ಷಾ ಎಳೆದು ಓದುತ್ತಿದ್ದ ಲಿ ಕುಚಾನ್ ಎಂಬ ಬಡ ಯುವಕ ಅವರ ಶಿಷ್ಯನಾಗಿ ಮುಂದೆ ದೊಡ್ಡ ಹೆಸರು ಮಾಡಿದರು. ಶಿಷ್ಯರು ತಮ್ಮಿಂದ ಕಲಿಯಬೇಕೇ ಹೊರತು ತಮ್ಮನ್ನು ನಕಲು ಮಾಡಬಾರದು ಎಂಬುದು ಅವರ ಪಟ್ಟು. ಖರ್ಚಿನ ವಿಷಯದಲ್ಲಿ ಬಲು ಬಿಗಿ. ಬೀಗದಕೈ ಗೊಂಚಲು ಸದಾ ಸೊಂಟದಲ್ಲಿ, ಚಿತ್ರಗಳ ದರಪಟ್ಟಿ ಗೋಡೆಯ ಮೇಲೆ. ಹಸಿವು ಕಂಡವರ ಬಿಗಿ ಅದು.

ಆದರೆ ದುಡ್ಡಿಗಿಂತ ಮೇಲಾದದ್ದೂ ಅವರಿಗಿತ್ತು. 1937ರಲ್ಲಿ ಜಪಾನಿನ ಸೇನೆ ಬೀಜಿಂಗನ್ನು ವಶಪಡಿಸಿಕೊಂಡಾಗ ಅವರು ಅಧ್ಯಾಪಕ ವೃತ್ತಿ ಬಿಟ್ಟರು. ಅತಿಥಿಗಳನ್ನು ನೋಡುವುದಿಲ್ಲ, ಅಧಿಕಾರಿಗಳಿಗೆ ಚಿತ್ರ ಮಾರುವುದಿಲ್ಲ ಎಂಬ ಅರ್ಥದ ಸೂಚನೆಗಳನ್ನು ಬಾಗಿಲಿಗೆ ಅಂಟಿಸಿದರು. 1944ರಲ್ಲಿ ಕಲಾಶಾಲೆಯಿಂದ ಕಲ್ಲಿದ್ದಲು ಕೊಡುವ ಪತ್ರ ಬಂತು. ಕಲ್ಲಿದ್ದಲು ಸಿಗುವುದೇ ಕಷ್ಟವಾಗಿದ್ದ ಕಾಲ. ತಾವು ಆ ಶಾಲೆಯ ನೌಕರರಲ್ಲವೆಂದು ತಿಳಿಸಿ ಎಂಬತ್ತರ ಆ ವೃದ್ಧರು ಅದನ್ನು ಒಲ್ಲೆನೆಂದರು.

1953ರಲ್ಲಿ ಚೀನಾ ಸರ್ಕಾರ ಜನತೆಯ ಕಲಾವಿದ ಎಂಬ ಬಿರುದು ನೀಡಿತು. ವಿಶ್ವಶಾಂತಿ ಮಂಡಳಿಯ ಅಂತರರಾಷ್ಟ್ರೀಯ ಶಾಂತಿ ಪುರಸ್ಕಾರವೂ ಅವರಿಗೆ ಸಂದಿತು. 1957ರ ಸೆಪ್ಟೆಂಬರ್ 16ರಂದು ಬೀಜಿಂಗಿನಲ್ಲಿ ಅವರು ನಿಧನರಾದರು. ಒಂದು ದಿನವನ್ನೂ ವ್ಯರ್ಥವಾಗಿ ಕಳೆಯಬಾರದೆಂಬ ನಿಯಮವನ್ನು ಮುಪ್ಪಿನಲ್ಲೂ ಸಡಿಲಿಸಲಿಲ್ಲ. ಅವರು 1925ರಲ್ಲಿ ಬರೆದ ಹನ್ನೆರಡು ನಿಸರ್ಗ ಚಿತ್ರಗಳ ಒಂದು ಗುಚ್ಛ 2017ರಲ್ಲಿ ಬೀಜಿಂಗಿನ ಹರಾಜಿನಲ್ಲಿ 93 ಕೋಟಿ ಯುವಾನ್‌ಗೂ ಹೆಚ್ಚು ಬೆಲೆಗೆ ಹೋಯಿತು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಓದಿ ಮುಂದೆ ಹೋದವರ ಹೆಸರುಗಳು ಈ ಸಂಚಿಕೆಯಲ್ಲಿ ಬರುತ್ತವೆ, ಬರಬೇಕು. ಮನೆಯ ಕಷ್ಟಕ್ಕೆ ನಡುವೆಯೇ ಶಾಲೆ ಬಿಟ್ಟು ಮರಗೆಲಸಕ್ಕೆ, ಗಾರೆಗೆಲಸಕ್ಕೆ, ಹೊಲಕ್ಕೆ ಹೋದವರೂ ನಮ್ಮ ಹಳೆಯ ವಿದ್ಯಾರ್ಥಿಗಳೇ. ಈ ಉತ್ಸವ ಅವರದೂ ಹೌದು. ಚಿ ಬೈಶಿಯವರ ಹಟವಂತೂ ದೊಡ್ಡದು. ಆದರೆ ಕಾಳು ಆರಿಸಿ ಕೂಡಿಟ್ಟ ತಾಯಿ, ಶುಲ್ಕ ಬೇಡವೆಂದ ಗುರು, ಬೆನ್ನು ತಟ್ಟಿದ ಕಿರಿಯ ಗೆಳೆಯ ಇಲ್ಲದಿದ್ದರೆ ಆ ಹಟ ಎಷ್ಟು ದೂರ ಸಾಗುತ್ತಿತ್ತೋ. ಚಿತ್ರ ಬರೆದು ಕಾಗದ ಹಾಳುಮಾಡುವ ಮಗು ನಮ್ಮ ತರಗತಿಯಲ್ಲಿ ಕಂಡರೆ, ಗದರುವ ಮೊದಲು ಅದು ಏನು ಬರೆದಿದೆ ಎಂದು ಒಮ್ಮೆ ನೋಡೋಣ.