ಗೌಹರ್ ಜಾನ್: ತಟ್ಟೆಯಲ್ಲಿ ಉಳಿದ ಸ್ವರ, ಮೈಸೂರಿನಲ್ಲಿ ಮುಗಿದ ಬಾಳು



ದೇವಾಲಯದ ಗಾಯನ ವೃಂದದವರು ಬೆಳಿಗ್ಗೆ ಹಾಡಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮಧ್ಯಾಹ್ನದೊಳಗೆ ಗಲ್ಫಿನಲ್ಲಿರುವ ಬಂಧುಗಳಿಗೆ ಕೇಳಿಸುವ ಕಾಲವಿದು. ಆದರೆ ಒಂದು ಕಾಲದಲ್ಲಿ ಯಂತ್ರದ ಮುಂದೆ ಹಾಡಲು ಎಷ್ಟೋ ಕಲಾವಿದರು ಹಿಂಜರಿಯುತ್ತಿದ್ದರು. ಆಗ ಧೈರ್ಯದಿಂದ ಮುಂದೆ ಬಂದು ದೇಶದಾದ್ಯಂತ ಮನೆಮಾತಾದ, ಕೊನೆಗೆ ನಮ್ಮ ಮೈಸೂರಿನಲ್ಲಿ ಕಣ್ಮುಚ್ಚಿದ ಗಾಯಕಿ ಗೌಹರ್ ಜಾನ್ ಅವರ ಜೀವನವನ್ನು ಇಲ್ಲಿ ಸ್ಮರಿಸಲು ಬಯಸುತ್ತೇವೆ.

ಅವರು ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದ ಒಂದು ಕ್ರೈಸ್ತ ಕುಟುಂಬದಲ್ಲಿ. ಹೆತ್ತವರು ಇಟ್ಟ ಹೆಸರು ಆಂಜೆಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದ ವಿಲಿಯಂ ಯೋವರ್ಡ್, ತಾಯಿ ವಿಕ್ಟೋರಿಯಾ. ಮಗಳು ಚಿಕ್ಕವಳಿರುವಾಗಲೇ ಹೆತ್ತವರು ಬೇರೆಯಾದರು. ಆಸರೆ ಕಳೆದುಕೊಂಡ ತಾಯಿ ಮಗಳೊಂದಿಗೆ ಬನಾರಸಿಗೆ ಹೋಗಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. 1883ರಲ್ಲಿ ಇಬ್ಬರೂ ಕಲ್ಕತ್ತಾದಲ್ಲಿ ನೆಲೆಸಿದರು. ಅಲ್ಲಿ ಗೌಹರ್ ಸಂಗೀತ ಹಾಗೂ ಕಥಕ್ ನೃತ್ಯ ಕಲಿತು, 1887ರಲ್ಲಿ ದರ್ಭಂಗಾ ಅರಮನೆಯಲ್ಲಿ ಮೊದಲ ಕಾರ್ಯಕ್ರಮ ನೀಡಿದರು.

1902ರಲ್ಲಿ ಗ್ರಾಮಫೋನ್ ಕಂಪೆನಿಯ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದರು. ಅವರು ಸ್ವತಃ ಪಿಯಾನೋ ವಾದಕರು. ಆಗ ಮೈಕ್ ಇರಲಿಲ್ಲ. ಗಾಯಕಿ ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ಸ್ವರದ ಕಂಪನದಿಂದ ಒಂದು ಸೂಜಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ತಪ್ಪಿದರೆ ತಿದ್ದಲು ಅವಕಾಶವಿಲ್ಲ, ಮೊದಲಿನಿಂದ ಹಾಡಬೇಕು. ಸಿಗುತ್ತಿದ್ದ ಸಮಯ ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಅಷ್ಟರಲ್ಲೇ ಆರಂಭಿಸಿ, ಬೆಳೆಸಿ, ಮುಗಿಸುವ ಕಲೆಯನ್ನು ಗೌಹರ್ ಕರಗತ ಮಾಡಿಕೊಂಡರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಇದು ನೆರವಾಗುತ್ತಿತ್ತು.

ಮುಂದಿನ ವರ್ಷಗಳಲ್ಲಿ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಧ್ವನಿಮುದ್ರಿಸಿದರೆಂಬ ಅಂದಾಜಿದೆ. ಕ್ರೈಸ್ತಳಾಗಿ ಹುಟ್ಟಿ, ಮುಸ್ಲಿಮಳಾಗಿ ಬಾಳಿದ ಈ ಮಹಿಳೆ ಕೃಷ್ಣಭಕ್ತಿಯ ಗೀತೆಗಳನ್ನೂ ಅಷ್ಟೇ ತನ್ಮಯತೆಯಿಂದ ಹಾಡಿದರು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿ ಬಾಯಿಯವರೊಡನೆ ಹಾಡುವ ಗೌರವವೂ ಅವರಿಗೆ ದೊರೆಯಿತು.

ಆದರೆ ಕೀರ್ತಿ ತಂದ ಸಂಪತ್ತು ಬಹುಕಾಲ ಉಳಿಯಲಿಲ್ಲ. ತಾಯಿಯ ಮರಣ, ಮುರಿದುಬಿದ್ದ ಸಂಬಂಧಗಳು, ಆಸ್ತಿಗಾಗಿ ನ್ಯಾಯಾಲಯದ ಅಲೆದಾಟ ಅವರನ್ನು ಬಳಲಿಸಿದವು. ಪ್ರಾಯ ಇಳಿಯುತ್ತಿದ್ದಂತೆ ಊರಿಂದೂರಿಗೆ ಆಶ್ರಯ ಅರಸಬೇಕಾಯಿತು. ಆಗ ಕೈಹಿಡಿದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. 1928ರ ಆಗಸ್ಟಿನಲ್ಲಿ ಗೌಹರ್ ತಿಂಗಳಿಗೆ 500 ರೂಪಾಯಿ ವೇತನದ ಮೇಲೆ ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡರು. ಆ ನೆಮ್ಮದಿಯೂ ಅಲ್ಪಕಾಲದ್ದಾಯಿತು. 1930ರ ಜನವರಿ 17ರಂದು, ತಮ್ಮ 56ನೆಯ ವಯಸ್ಸಿನಲ್ಲಿ, ಮೈಸೂರಿನಲ್ಲೇ ನಿಧನರಾದರು.

ಹಲವು ದಶಕಗಳ ಬಳಿಕ ಬೆಂಗಳೂರಿನ ಲೇಖಕ ವಿಕ್ರಂ ಸಂಪತ್ ಅರಮನೆಯ ಹಳೆಯ ಕಡತಗಳಲ್ಲಿ ಅವರ ಜಾಡು ಹಿಡಿದು, 2010ರಲ್ಲಿ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಆ ತಟ್ಟೆಗಳ ಕರಕರ ಸದ್ದಿನ ನಡುವೆ ಗೌಹರ್ ಅವರ ಸ್ವರವನ್ನು ನಾವು ಇಂದಿಗೂ ಕೇಳಬಹುದು. ಸ್ವರವನ್ನು ಕಾಪಾಡುವ ಕೆಲಸವನ್ನು ಯಂತ್ರ ಮಾಡಿತು. ಹಾಡಿದವರ ಮುಪ್ಪಿಗೆ ಆಸರೆಯಾಗಲು ಮಾತ್ರ ಒಬ್ಬ ಮನುಷ್ಯನೇ ಬೇಕಾಯಿತು. ನಮ್ಮ ಧರ್ಮಕೇಂದ್ರಗಳಲ್ಲಿ ವರ್ಷಗಟ್ಟಲೆ ಹಾಡಿ, ನುಡಿಸಿ, ಈಗ ಮನೆಯ ಮೂಲೆ ಸೇರಿರುವ ಹಿರಿಯರು ಎಷ್ಟು ಮಂದಿ ಇದ್ದಾರೆ? ಅವರನ್ನೊಮ್ಮೆ ಹೋಗಿ ಮಾತನಾಡಿಸೋಣ.