ಕಿಟ್ಟೆಲ್ಲರ ಕಾರ್ಯಯೋಜನೆ

ಮಹತ್ಕಾರ್ಯವನ್ನು ಸಂಕಲ್ಪಿಸುವವರು ಹಲವರು. ಕಾಲ, ಬಲ, ದ್ರವ್ಯಗಳನ್ನು ಅಳೆದು ತೂಗಿ ಅದನ್ನು ಕಡೆಮುಟ್ಟಿಸುವವರು ವಿರಳ. ಅಂತಹ ವಿರಳರಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರು ಅಗ್ರಗಣ್ಯರು.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಇವರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲಸಿ, ಪಂಡಿತರಿಂದ ಹಳಗನ್ನಡವನ್ನೂ ಜನಸಾಮಾನ್ಯರಿಂದ ಆಡುನುಡಿಯನ್ನೂ ಕಲಿತರು. ವಿಲಿಯಂ ರೀವರ 1832ರ ನಿಘಂಟು ಆಗಲೇ ಇದ್ದರೂ, ಪ್ರಯೋಗಗಳ ಆಧಾರಸಹಿತವಾದ ವಿಸ್ತಾರವಾದ ಕೋಶವೊಂದರ ಕೊರತೆ ಉಳಿದೇ ಇತ್ತು.

ಕೋಶವನ್ನು ಅಚ್ಚಿಗೆ ಕೊಡುವ ಮುನ್ನ ಕಿಟ್ಟೆಲ್ಲರು ಅದರ ತಳಹದಿಯನ್ನು ಭದ್ರಪಡಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. ಶಬ್ದದ ರೂಪವನ್ನು ನಿರ್ಣಯಿಸಲು ವ್ಯಾಕರಣ ಬೇಕು. ಓಲೆಗರಿಯ ಪಾಠವನ್ನು ಶುದ್ಧಗೊಳಿಸಲು ಛಂದಸ್ಸು ಬೇಕು. ಹೀಗೆ ಮೊದಲ ಕಾರ್ಯವೇ ಮುಂದಿನ ಕಾರ್ಯಕ್ಕೆ ಉಪಕರಣವಾಯಿತು.

ಸಾಮಗ್ರಿಯ ಹಂಚಿಕೆಯಲ್ಲಿಯೂ ಅದೇ ಸಮದೃಷ್ಟಿ. ಬಸವಪುರಾಣ, ರಾಜಶೇಖರವಿಳಾಸಗಳಂತಹ ಕಾವ್ಯಗಳ ಪಕ್ಕದಲ್ಲಿ ದಾಸರ ಪದಗಳಿಗೂ ಹಳ್ಳಿಯ ಗಾದೆಗಳಿಗೂ ಸ್ಥಾನ ದೊರೆಯಿತು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸಜಾತೀಯ ಶಬ್ದಗಳೂ ಸೇರಿದವು. ಕನ್ನಡ, ರೋಮನ್ ಲಿಪಿಗಳೆರಡನ್ನೂ ಒಂದೇ ಪುಟದಲ್ಲಿ ಜೋಡಿಸಬೇಕಾದ ಈ ಕ್ಲಿಷ್ಟಕಾರ್ಯಕ್ಕೆ ಬಲ್ಮಠದಲ್ಲಿ 1841ರಿಂದ ಬೆಳೆದುಬಂದ ಮಿಶನ್ ಮುದ್ರಣಾಲಯದ ಕುಶಲಿಗಳು ಹೆಗಲು ಕೊಟ್ಟರು.

ಆದರೆ ಎಷ್ಟು ಮಿತವ್ಯಯ ಮಾಡಿದರೂ ತುಂಬಿಕೊಳ್ಳಲಾಗದ ಸಂಪತ್ತೊಂದಿತ್ತು; ಅದು ಕಣ್ಣಿನ ಬೆಳಕು. ದಶಕಗಳ ಓದುಬರಹದಿಂದ ದೃಷ್ಟಿ ಕ್ಷೀಣಿಸಿತು. ಸ್ವದೇಶಕ್ಕೆ ಮರಳಿದ್ದವರು ಅಲ್ಲಿಯೇ ವಿಶ್ರಮಿಸಬಹುದಿತ್ತು. ಕನ್ನಡದ ನೆಲವನ್ನೂ ಪಂಡಿತರನ್ನೂ ಬಿಟ್ಟು ಕೋಶ ಪೂರ್ಣವಾಗದೆಂದರಿತು, ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ ಮತ್ತೆ ಹಡಗೇರಿ ಬಂದರು. ಉಳಿದ ಶಕ್ತಿಯನ್ನೆಲ್ಲ ಆ ಒಂದೇ ಕಾರ್ಯಕ್ಕೆ ಮೀಸಲಿಟ್ಟು 1892ರಲ್ಲಿ ಹಿಂದಿರುಗಿದರು.

1894ರಲ್ಲಿ ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕ ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಬೆಳಕು ಕಂಡಿತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರೇಟ್ ಗೌರವವನ್ನಿತ್ತಿತು. ಆದರೂ ಲೇಖನಿ ವಿರಮಿಸಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಶರಾದರು. ಮುಂದೆ ಮರಿಯಪ್ಪ ಭಟ್ಟರು ಆ ಕೋಶವನ್ನೇ ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳು ಮದರಾಸು ವಿಶ್ವವಿದ್ಯಾನಿಲಯದಿಂದ ಹೊರಬಂದವು.

ಕಾಯಕದಲ್ಲಿ ಕ್ರಮವೂ ದಾಸೋಹದಲ್ಲಿ ವಿವೇಕವೂ ಕೂಡಿದಾಗ ಮಾತ್ರ ಸಂಕಲ್ಪವು ಸಂಸ್ಥೆಯಾಗಿ ನಿಲ್ಲುತ್ತದೆ. ವಿದ್ಯಾಲಯವನ್ನು ಕಟ್ಟುವ ದಾನಿಗಳಿಗೂ ನಡೆಸುವ ಉಪಾಧ್ಯಾಯರಿಗೂ ಕಿಟ್ಟೆಲ್ಲರ ಬಾಳು ಕಲಿಸುವ ಪಾಠವಿದು.