ಪಂಡಿತಾ ರಮಾಬಾಯಿಯವರು

ಹುಡುಗಿಯರು ಶಾಲೆಯಲ್ಲಿ ಕಲಿತದ್ದು ಮುಂದೆ ಅವರ ಸಂಸಾರದಲ್ಲಿ ಯಾವ ಉಪಯೋಗಕ್ಕೆ ಬರುವದೆಂದು ತಂದೆತಾಯಿಗಳು ಕೇಳುವದುಂಟು. ಪಂಡಿತಾ ರಮಾಬಾಯಿಯವರ ಜೀವಿತಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕಾಣೆನು.

ಇವರ ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ತಾಲೂಕಿನ ಮಾಳ ಗ್ರಾಮದವರು. ಪತ್ನಿಗೆ ಸಂಸ್ಕೃತ ಕಲಿಸಿದ ಕಾರಣ ಸ್ವಜನರ ವಿರೋಧಕ್ಕೆ ಗುರಿಯಾಗಿ, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಮನೆ ಮಾಡಿದರು. ಅಲ್ಲಿಯೇ ೧೮೫೮ನೆಯ ಇಸವಿಯಲ್ಲಿ ರಮಾಬಾಯಿ ಹುಟ್ಟಿದರು. ಕುಟುಂಬವು ತೀರ್ಥಯಾತ್ರೆಯಲ್ಲಿ ಊರೂರು ತಿರುಗುತ್ತಿದ್ದಾಗ, ತಾಯಿ ಲಕ್ಷ್ಮೀಬಾಯಿಯವರು ಹಗಲು ಬಿಡುವಿಲ್ಲದ್ದರಿಂದ ಬೆಳಗಾಗುವ ಮೊದಲೇ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಸಾವಿರಾರು ಶ್ಲೋಕಗಳು ಬಾಲೆಗೆ ಕಂಠಸ್ಥವಾದವು. ನಿದ್ದೆಗಣ್ಣಿನಲ್ಲಿ ಕಲಿತ ಈ ಪಾಠವೇ ಅವರ ಆಸ್ತಿಯಾಯಿತು. ಏಕೆಂದರೆ ಕ್ಷಾಮಕಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋಗಲು, ಅಣ್ಣ ಶ್ರೀನಿವಾಸನೊಡನೆ ಉಪವಾಸವಿದ್ದು ದೇಶವನ್ನೆಲ್ಲಾ ನಡೆದ ಆ ತರುಣಿಗೆ ಬೇರೊಂದು ಉಳಿದಿರಲಿಲ್ಲ. ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರನ್ನು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಗೌರವಿಸಿದರು.

೧೮೮೦ರಲ್ಲಿ ಬಂಗಾಲದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಎರಡು ವರ್ಷ ತುಂಬುವದರೊಳಗೆ ಪತಿಯು ವಾಂತಿಭೇದಿಯಿಂದ ತೀರಿಕೊಂಡರು. ಕೈಯಲ್ಲಿ ಹಸುಗೂಸು ಮನೋರಮೆ. ಅಂಥ ಸ್ಥಿತಿಯಲ್ಲಿ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಅದೇ ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ, ಸ್ತ್ರೀಯರನ್ನೇ ಉಪಾಧ್ಯಾಯಿನಿಯರನ್ನಾಗಿ ತರಬೇತು ಮಾಡಬೇಕೆಂದು ವಾದಿಸಿದರು.

೧೮೮೩ರಲ್ಲಿ ಇಂಗ್ಲೆಂಡಿಗೆ ಹೋಗಿ ದೀಕ್ಷಾಸ್ನಾನ ಹೊಂದಿದರು. ವೈದ್ಯವಿದ್ಯೆಯ ಆಶೆಯು ಕಿವಿ ಮಂದವಾದದ್ದರಿಂದ ಕೈಗೂಡಲಿಲ್ಲ. ಆದರೆ ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಈ ಪಂಡಿತೆಯು ಸಂಸ್ಕೃತ ಕಲಿಸುತ್ತಲೇ ತಾವೂ ವಿದ್ಯಾರ್ಥಿನಿಯಾಗಿ ಕುಳಿತರು. ಬಳಿಕ ಅಮೆರಿಕದಲ್ಲಿ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಸಿಸಿದರು. ಬಿರುದು ಪಡೆದವರು ಮತ್ತೆ ಮಕ್ಕಳ ಪಾಠಕ್ಕೆ ಇಳಿಯುವದು ಸುಲಭವಲ್ಲ.

೧೮೮೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಸಾಗಿತು. ೧೮೯೩ರಲ್ಲಿ ಮತಾಂತರದ ಶಂಕೆಯಿಂದ ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಕ್ಕಳನ್ನು ಒಪ್ಪಿಸಿದವರಿಗೆ ಭಯವಿರುವದು ಸಹಜವೇ; ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅರ್ಧಕ್ಕೆ ಬಿಟ್ಟ ಆ ಹುಡುಗಿಯರ ಗತಿಯನ್ನು ನೆನೆದರೆ ಮನಸ್ಸು ಮರುಗುತ್ತದೆ. ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯು ಅದೇ ವರುಷ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿಯೆನಿಸಿ, ಪತಿಯು ೧೮೯೬ರಲ್ಲಿ ಸ್ಥಾಪಿಸಿದ ವಿಧವಾಶ್ರಮಕ್ಕಾಗಿ ಊರೂರು ಸುತ್ತಿ ಹಣ ಕೂಡಿಸಿದರು.

ಅದೇ ವರುಷದ ಕ್ಷಾಮದಲ್ಲಿ ರಮಾಬಾಯಿಯವರು ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೇಡಗಾಂವಿಗೆ ಕರೆತಂದರು. ತಾವೂ ಹಸಿದು ನಡೆದವರಲ್ಲವೇ! ಆ ಮುಕ್ತಿ ಸದನದಲ್ಲಿ ಅಕ್ಷರದೊಡನೆ ನೇಯ್ಗೆ, ಹೊಲಿಗೆ, ಮುದ್ರಣಗಳನ್ನೂ ಕಲಿಸಲಾಯಿತು. ಕಲಬುರ್ಗಿಯಲ್ಲಿಯೂ ಒಂದು ಶಾಲೆ ನಡೆಯಿತು. ಮನೋರಮಾಬಾಯಿಯವರೇ ಅದರ ಮುಖ್ಯಸ್ಥೆ.

ಕೊನೆಯ ವರುಷಗಳಲ್ಲಿ ರಮಾಬಾಯಿಯವರು ಹಿಬ್ರೂ ಮತ್ತು ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಿರುಗಿಸಿದರು. ೧೯೨೧ರಲ್ಲಿ ಮಗಳು ತೀರಿಕೊಂಡರು. ೧೯೨೨ರ ಏಪ್ರಿಲ್ ೫ರಂದು ತಾವೂ ಪ್ರಭುವಿನ ಸನ್ನಿಧಿಯನ್ನು ಸೇರಿದರು. ಆ ಗ್ರಂಥದ ಅಚ್ಚುಮೊಳೆಗಳನ್ನು ಜೋಡಿಸಿದವರು ಕೇಡಗಾಂವಿಯಲ್ಲಿ ಓದು ಕಲಿತ ಹೆಣ್ಣುಮಕ್ಕಳೇ.